ಶಾನುಭೋಗರ ಆಪರೇಷನ್ನು

ಕಣ್ಣಿಗೆ ಪೊರೆ ಬಂದಿರುವುದನ್ನು ನಾನು ಸುಮಾರು ಎರಡು ವರ್ಷ ಯಾರಿಗೂ ಹೇಳಲಿಲ್ಲ. ಕೊಪ್ಪದ ಪೇಟೆಯಲ್ಲಿ ಮೂವತ್ತೆಂಟು ವರ್ಷದಿಂದ ಪುಟ್ಟದೊಂದು ಪ್ರೆಸ್ಸು ನಡೆಸಿಕೊಂಡು, ಮದುವೆ ಕಾಗದ, ಗೃಹಪ್ರವೇಶದ ಕಾಗದಗಳ ಕರಡು ತಿದ್ದುತ್ತಲೇ ತಲೆಗೂದಲು ಹಣ್ಣು ಮಾಡಿಕೊಂಡವನು ನಾನು. ಅಂಥವನು ಕಣ್ಣು ಮಂಜಾಗಿದೆ ಎಂದು ಬಾಯಿಬಿಟ್ಟರೆ, ಅಡುಗೆ ಭಟ್ಟರು ತಮಗೆ ಉಪ್ಪು ಹುಳಿ ಗೊತ್ತಾಗುವುದಿಲ್ಲ ಎಂದು ಒಪ್ಪಿಕೊಂಡ ಹಾಗೆ. ಇದು ಲೋಕದ ಮುಂದೆ ಹೇಳಬಹುದಾದ ಕಾರಣ. ಹೇಳಲು ನಾಚಿಕೆಯಾಗುವ ಕಾರಣ ಇನ್ನೊಂದಿತ್ತು: ಆ ಮಂಜು ನನಗೆ ಹಿತವಾಗಿತ್ತು. ಬೀದಿದೀಪಗಳಿಗೆಲ್ಲ ಪ್ರಭಾವಳಿ ಮೂಡಿತ್ತು. ಎದುರು ಗುಡ್ಡ ಬೆಳಗಿನ ಹೊತ್ತು ಎಲ್ಲಿ ಮುಗಿಯುತ್ತದೆ, ಆಕಾಶ ಎಲ್ಲಿ ಶುರುವಾಗುತ್ತದೆ ಎಂಬ ತಕರಾರೇ ಇರಲಿಲ್ಲ. ದೂರದಿಂದ ಬರುವವರೆಲ್ಲ ಪರಿಚಯದವರಂತೆ ಕಾಣುತ್ತಿದ್ದರಿಂದ ಯಾವುದಕ್ಕೂ ಇರಲಿ ಎಂದು ಎಲ್ಲರಿಗೂ ನಗುತ್ತಿದ್ದೆ. ಊರಿನಲ್ಲಿ ನನಗೆ ಸಜ್ಜನ ಎಂಬ ಹೆಸರು ಬಂದದ್ದು ಆ ಎರಡು ವರ್ಷದಲ್ಲಿಯೇ.

ಹೀಗಿರುವಾಗ ಪಕ್ಕದ ನಾರ್ವೆ ಹಳ್ಳಿಯ ಗೌಡರೊಬ್ಬರ ಮಗಳ ಮದುವೆ ಕಾಗದ ನನ್ನಲ್ಲಿ ಅಚ್ಚಾಯಿತು. ‘ಸಕುಟುಂಬ ಪರಿವಾರ ಸಮೇತರಾಗಿ’ ಎಂದು ಇರಬೇಕಾದಲ್ಲಿ ‘ಸಕುಟುಂಬ ಪರಿಹಾರ ಸಮೇತರಾಗಿ’ ಎಂದು ಬಿದ್ದಿತ್ತು. ಕರಡನ್ನು ನಾನೇ ನೋಡಿ ಸಹಿ ಹಾಕಿದ್ದೆ. ಗೌಡರು ಕಾಗದದ ಕಟ್ಟನ್ನು ಚೀಲದಲ್ಲಿ ತುಂಬಿಕೊಂಡು ಬಂದರು. ಕೂಗಾಡಿದ್ದರೆ ನನಗೂ ಎದುರಾಡಲು ದಾರಿಯಿತ್ತು, ಆದರೆ ಅವರು ಶಾಂತವಾಗಿ ಕುರ್ಚಿ ಎಳೆದುಕೊಂಡು ಕೂತು, “ಬಂದವ್ರಿಗೆ ಪರಿಹಾರ ನಾವು ಕೊಡ್ಬೇಕಾ, ಇಲ್ಲ ಅವ್ರೇ ತರ್ತಾರಾ? ಅದೊಂದು ಹೇಳಿ ಮಾರಾಯ್ರೆ” ಎಂದರು. ಪುನಃ ಅಚ್ಚು ಹಾಕಿಕೊಡುತ್ತೇನೆ ಎಂದು ಕೈಮುಗಿದೆ. ಕಾಫಿ ತರಿಸಿದೆ. ಲೋಟ ಹಿಡಿದುಕೊಂಡು ಅವರು ಹಿಂದಿನ ಅಂಗಳಕ್ಕೆ ಹೋದರು. ಅಲ್ಲಿ ನೀರು ತುಂಬಿದ ಕಲ್ಲುಮರಿಗೆಯ ಬಳಿ ಸ್ವಲ್ಪ ಹೊತ್ತು ನಿಂತಿದ್ದು, ಒಳಗಿದ್ದ ನನ್ನನ್ನು ಕರೆದರು.

“ನಿಮ್ಮ ಆಮೆಗೆ ಎಂತದೋ ಗಂಟು ಬಂದಂಗಿದೆಯಲ್ಲ. ನೋಡಿದ್ರಾ?”

ನಾನು ನೋಡಿರಲಿಲ್ಲ. ದಿನಕ್ಕೆ ಎರಡು ಹೊತ್ತು ಆ ಮರಿಗೆಯ ಮುಂದೆ ಕೂರುವವನು ನಾನು. ನನ್ನ ಕೈಯಿಂದಲೇ ಅದು ಹರಿವೆಸೊಪ್ಪು ತಿನ್ನುತ್ತದೆ. ಗೌಡರು ತೋರಿಸಿದಲ್ಲಿ ಬೆರಳಿಟ್ಟೆ. ಹಿಂದಿನ ಎಡಗಾಲು ಚಿಪ್ಪಿನೊಳಕ್ಕೆ ಹೋಗುವಲ್ಲಿ, ಚರ್ಮದ ಕೆಳಗೆ, ಗೋಟಡಿಕೆಯಷ್ಟು ದಪ್ಪದ ಗಂಟು. ಒಂದೆರಡು ದಿನದಲ್ಲಿ ಬಂದದ್ದಲ್ಲ. ನನ್ನ ಹಿತವಾದ ಮಂಜಿನೊಳಗೆ ಅದು ತಿಂಗಳುಗಟ್ಟಲೆ ಬೆಳೆಯುತ್ತ ಬಂದಿತ್ತು.

ಇಲ್ಲಿ ಶಾನುಭೋಗರ ಪರಿಚಯ ಮಾಡಿಕೊಡಬೇಕು. ಇಪ್ಪತ್ತೇಳು ವರ್ಷದ ಹಿಂದೆ ಪ್ರೆಸ್ಸಿಗೆ ಕಾಗದ ತರಲು ಶಿವಮೊಗ್ಗಕ್ಕೆ ಹೋದವನು, ಬಸ್ಸಿಗೆ ಇನ್ನೂ ಹೊತ್ತಿದೆ ಎಂದು ಬಣ್ಣದ ಮೀನು ಮಾರುವ ಅಂಗಡಿಗೆ ನುಗ್ಗಿದೆ. ಹೊರಗೆ ಬರುವಾಗ ನನ್ನ ಕೈಯಲ್ಲಿ ನೀರು ತುಂಬಿದ ಪ್ಲಾಸ್ಟಿಕ್ ಚೀಲ, ಅದರೊಳಗೆ ರೂಪಾಯಿ ನಾಣ್ಯದಷ್ಟೇ ಅಗಲದ ಹಸಿರು ಆಮೆ. ನಮ್ಮ ಹೊಳೆಯ ಆಮೆಯಲ್ಲ, ಪರದೇಶದ್ದು; ಸಾಕಲು ಕಾನೂನಿನ ಅಡ್ಡಿಯಿಲ್ಲ ಎಂದು ಅಂಗಡಿಯವನು ಹೇಳಿದ. ಯಾಕೆ ಕೊಂಡೆ ಎಂದು ಹೆಂಡತಿ ಜಲಜ ಅವತ್ತು ಕೇಳಿದಳು. ಇವತ್ತಿಗೂ ಕೇಳುತ್ತಾಳೆ. ಕತ್ತನ್ನು ಒಳಗೆಳೆದುಕೊಂಡು, ಕಣ್ಣು ಅರೆ ಮುಚ್ಚಿ, ಹಳೇ ಕಡತದ ಮುಂದೆ ಕೂತ ಶಾನುಭೋಗರ ಹಾಗೆ ಕಾಣುತ್ತಿದ್ದುದರಿಂದ ಆ ಹೆಸರು ಬಿತ್ತು. ನಮಗೆ ಮಕ್ಕಳಿಲ್ಲ; ಹಾಗೆಂದು ಆಮೆಯನ್ನು ಮಗುವಿನಂತೆ ಸಾಕಿದೆವು ಎಂದು ತಿಳಿಯಬೇಡಿ. ಮಗುವಿನಂತೆ ಅಲ್ಲ, ಬಹಳ ಕಾಲದ ಬಾಡಿಗೆದಾರನಂತೆ. ಅವರ ಪಾಡಿಗೆ ಅವರು, ನಮ್ಮ ಪಾಡಿಗೆ ನಾವು. ಊಟದ ಹೊತ್ತಿಗೆ ಮಾತ್ರ ಮುಖಾಮುಖಿ. ಮಧ್ಯಾಹ್ನ ಅವರು ಮರಿಗೆಯ ನಡುವಿನ ಚಿರೇಕಲ್ಲಿನ ಮೇಲೆ ಬಿಸಿಲು ಕಾಯುತ್ತಿದ್ದರು, ನಾನು ಪಕ್ಕದ ಬೆಂಚಿನಲ್ಲಿ ಕೂರುತ್ತಿದ್ದೆ. ಯಾರು ಮೊದಲು ತೂಕಡಿಸಿದರು ಎಂದು ಹೇಳುವುದು ಕಷ್ಟವಾಗುತ್ತಿತ್ತು.

ಆಮೆಯ ಬಗ್ಗೆ ನಮ್ಮ ಹಿರಿಯರು ಬಹಳ ಯೋಚಿಸಿದ್ದಾರೆ. ಇಂದ್ರಿಯಗಳನ್ನು ಒಳಗೆಳೆದುಕೊಳ್ಳುವ ಜ್ಞಾನಿಗೆ ಆಮೆಯನ್ನು ಹೋಲಿಸಿದ್ದಾರೆ. ಹಳೆಯ ದೇವಸ್ಥಾನಗಳ ನೆಲದ ಕಲ್ಲಿನಲ್ಲಿ ಗರ್ಭಗುಡಿಗೆ ಮುಖ ಮಾಡಿದ ಆಮೆಯನ್ನು ಕೆತ್ತಿದ್ದಾರೆ. ಕಡಲು ಕಡೆದ ಕಾಲದಲ್ಲಿ ಮಂದರ ಪರ್ವತವನ್ನೇ ಅದರ ಬೆನ್ನ ಮೇಲೆ ಇಟ್ಟರು. ಅಮೃತ ಯಾರಿಗೆ ಸಿಕ್ಕಿತು, ವಿಷ ಯಾರು ಕುಡಿದರು, ಲಕ್ಷ್ಮಿ ಯಾರ ಕೊರಳಿಗೆ ಮಾಲೆ ಹಾಕಿದಳು ಎಂಬುದೆಲ್ಲ ನಮಗೆ ಬಾಯಿಪಾಠ. ಕೆಲಸ ಮುಗಿದ ಮೇಲೆ ಆ ಬೆನ್ನು ನೋಯಿತೇ ಎಂದು ಯಾರಾದರೂ ಕೇಳಿದ್ದು ಮಾತ್ರ ನನ್ನ ಕಿವಿಗೆ ಬಿದ್ದಿಲ್ಲ. ಗಂಟಿನ ಮೇಲೆ ಬೆರಳಿಟ್ಟುಕೊಂಡು ಕೂತ ಆ ಮಧ್ಯಾಹ್ನ ನನಗೆ ಇದೇ ಯೋಚನೆ. ದೇವತೆಗಳ ಮರೆವನ್ನು ಎತ್ತಿ ಆಡಲು ನನಗೆ ಯಾವ ಯೋಗ್ಯತೆ?

ನಮ್ಮೂರಿನ ಪಶುವೈದ್ಯರು ಒಳ್ಳೆಯವರು. ದನ ಎಮ್ಮೆಯಾದರೆ ನೋಡಿಯೇನು, ಇದು ನನಗೆ ಹೊಸತು ಎಂದು ಒಪ್ಪಿಕೊಂಡು, ನರಸಿಂಹರಾಜಪುರದಲ್ಲಿ ಡಾಕ್ಟರ್ ಮಾಲಿನಿ ಎಂಬವರಿದ್ದಾರೆ, ಗಾಯಗೊಂಡ ಹಾವಿಗೂ ಹೊಲಿಗೆ ಹಾಕಿದವರು, ಅಲ್ಲಿಗೆ ಹೋಗಿ ಎಂದರು. ಹೋದೆವು. ಮಾಲಿನಿ ಮೂವತ್ತೈದರ ಒಳಗಿನ ಹೆಂಗಸು. ಶಾನುಭೋಗರನ್ನು ತಿರುಗಿಸಿ ಮುರುಗಿಸಿ ನೋಡಿ, ಮೊದಲು ಹೇಳಿದ ಮಾತು ಗಂಟಿನ ಬಗ್ಗೆ ಅಲ್ಲ. ಇದು ಹೆಣ್ಣು, ಮುಂಗಾಲಿನ ಉಗುರು ನೋಡಿ, ಎಷ್ಟು ಗಿಡ್ಡ ಇದೆ ಎಂದರು. ಇಪ್ಪತ್ತೇಳು ವರ್ಷದ ಮೇಲೆ ಶಾನುಭೋಗಿತ್ತಿ ಎಂದು ಬದಲಾಯಿಸಲು ನಾಲಿಗೆ ಏಳಲಿಲ್ಲ. ಅದೃಷ್ಟಕ್ಕೆ ನಮ್ಮ ಭಾಷೆ ಮರ್ಯಾದೆಯ ಬಹುವಚನದಲ್ಲಿ ಗಂಡು ಹೆಣ್ಣೆಂಬ ಭೇದ ಇಟ್ಟಿಲ್ಲ. ಶಾನುಭೋಗರು ಬಂದರು, ಶಾನುಭೋಗರು ಉಂಡರು, ಒಂದಕ್ಷರವನ್ನೂ ತಿದ್ದಬೇಕಾಗಿಲ್ಲ. ತಿದ್ದುಪಡಿಯಿಲ್ಲದೆ ಪಾರಾದ ಕರಡು ನನ್ನ ಬದುಕಿನಲ್ಲಿ ಅದೊಂದೇ ಇರಬೇಕು.

ಸೂಜಿಯಿಂದ ಗಂಟಿನ ರಸ ತೆಗೆದು ಶಿವಮೊಗ್ಗದಲ್ಲಿರುವ, ತಮಗೆ ಪಾಠ ಹೇಳಿದ ಮೇಷ್ಟರಿಗೆ ಕಳಿಸಿದರು. ವಾರದ ಮೇಲೆ ಮಾಲಿನಿಯೇ ಫೋನು ಮಾಡಿದರು. ಅದು ಕೀವಿನ ಗಂಟಲ್ಲ, ಗೆಡ್ಡೆ. ಬಿಟ್ಟರೆ ಒಡೆದು ಹುಣ್ಣಾಗುತ್ತದೆ, ಕಾಲು ಹೋಗುತ್ತದೆ, ಆಮೇಲೆ ಜೀವ. ತೆಗೆದರೆ ಉಳಿದರೂ ಉಳಿಯಬಹುದು. ಆದರೆ ಆಮೆಗೆ ಅರಿವಳಿಕೆ ಕೊಡುವುದು ಸುಲಭವಲ್ಲ, ಅದರಲ್ಲೂ ಈ ವಯಸ್ಸಿಗೆ; ಮಲಗಿದ ಆಮೆ ಉಸಿರಾಡುವುದನ್ನೇ ಮರೆತುಬಿಡುತ್ತದೆ. ಇಷ್ಟು ಹೇಳಿ ಅವರು, “ಒಂದು ಮಾತು ಮುಚ್ಚಿಡೂದಿಲ್ಲ. ನಾನು ಇದುವರೆಗೆ ಆಮೆಗೆ ಆಪರೇಷನ್ ಮಾಡಿಲ್ಲ” ಎಂದರು. ನನಗೆ ಅವರ ಮೇಲೆ ನಂಬಿಕೆ ಬಂದದ್ದು ಆ ಮಾತಿನಿಂದ. ನಾನು ಎರಡು ವರ್ಷದಿಂದ ಮುಚ್ಚಿಟ್ಟುಕೊಂಡಿದ್ದವನು, ಇದ್ದದ್ದನ್ನು ಇದ್ದ ಹಾಗೆ ಹೇಳುವವರ ಮುಂದೆ ಸಣ್ಣವನಾಗಿ ಹೋಗಿದ್ದೆ.

ಸುದ್ದಿ ತಿಳಿದು ಶೃಂಗೇರಿಯಿಂದ ಜಲಜಳ ತಮ್ಮ ಗಣಪತಿ ಬಂದ. ಪೌರೋಹಿತ್ಯ ಮಾಡುವವನು, ನನಗಿಂತ ಹತ್ತು ವರ್ಷ ಚಿಕ್ಕವನು. ಯಾವ ವಿಷಯಕ್ಕೂ ಅವನ ಹತ್ತಿರ ಅಭಿಪ್ರಾಯ ಸಿದ್ಧವಿರುತ್ತದೆ. ಕೂರ್ಮನಿಗೆ ಕತ್ತಿ ಹಾಕುವುದು ಸರಿಯಲ್ಲ ಎಂದ. “ವಯಸ್ಸಾಯ್ತಲ್ಲ ಭಾವ. ಶೃಂಗೇರಿಗೆ ಕೊಡಿ, ಹೊಳೆಗೆ ಬಿಡ್ತೇನೆ. ಮೀನಿನ ಜೊತೆ ನಾಲ್ಕು ದಿನ ಆರಾಮಾಗಿ ಇದ್ದು ಹೋಗ್ತದೆ” ಎಂದ. ಪರದೇಶದ ಆಮೆಯನ್ನು ಹೊಳೆಗೆ ಬಿಡಬಾರದು, ಹೊಳೆಯ ಜೀವಗಳಿಗೆ ಕೇಡು ಎಂದು ಡಾಕ್ಟರು ಹೇಳಿದ್ದನ್ನು ತಿಳಿಸಿದೆ. ಆದರೆ ನನ್ನನ್ನು ಚುಚ್ಚಿದ್ದು ಹೊಳೆಯ ಮಾತಲ್ಲ, ಮೊದಲ ಶಬ್ದ. ವಯಸ್ಸಾಯ್ತಲ್ಲ. ಆ ವಾರ ಊರಿನಲ್ಲಿ ಹತ್ತು ಜನ ಅದೇ ಮಾತನ್ನು ಆಡಿದರು, ಎಲ್ಲರೂ ಪ್ರೀತಿಯಿಂದಲೇ. ಅರವತ್ತೆಂಟು ದಾಟಿದವನ ಎದುರಿಗೆ ಆ ಮಾತನ್ನು ಇನ್ನೊಬ್ಬರ ಬಗ್ಗೆ ಆಡಿದರೂ ಅವನು ತನ್ನ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾನೆ.

ಕೊನೆಗೆ ತೀರ್ಮಾನ ಕೊಟ್ಟವಳು ಜಲಜ. ಅವಳು ಶಾನುಭೋಗರ ಬಗ್ಗೆ ಒಳ್ಳೆಯ ಮಾತಾಡಿದ್ದನ್ನು ನಾನು ಕೇಳಿಯೇ ಇಲ್ಲ. ಮರಿಗೆ ತೊಳೆಯುವಾಗೆಲ್ಲ ಗೊಣಗುವವಳು. ಅಡುಗೆಮನೆಯಿಂದ ಹೊರಬಂದು ತಮ್ಮನಿಗೆ ಇಷ್ಟೇ ಹೇಳಿದಳು: “ಸಾಯೂದಾದ್ರೆ ಡಾಕ್ಟ್ರ ಕೈಲಿ ಸಾಯ್ಲಿ. ನಾವು ಎಂತದೂ ಮಾಡದೇ ಕೂತಾಗ ಅದು ಸಾಯೂದು ಬೇಡ.” ಗಣಪತಿ ಚೀಲದಿಂದ ಪಂಚಾಂಗ ತೆಗೆದ. ಡಾಕ್ಟರು ಹೇಳಿದ ಮಂಗಳವಾರ ಅಷ್ಟೇನೂ ಚೆನ್ನಾಗಿಲ್ಲ, ಒಂಬತ್ತೂವರೆ ಕಳೆದ ಮೇಲಾದರೆ ಅಡ್ಡಿಯಿಲ್ಲ ಎಂದ. ತನ್ನ ವ್ಯಾನು ತರುತ್ತೇನೆ ಎಂದೂ ಸೇರಿಸಿದ.

ಆಪರೇಷನ್ನಿಗೆ ಮೊದಲು ಹತ್ತು ದಿನ ಬೆಚ್ಚಗಿಡಬೇಕು ಎಂದಿದ್ದರು. ಆಮೆಯ ಮೈಗೆ ಸ್ವಂತದ ಬಿಸಿಯಿಲ್ಲ, ಚಳಿಯಲ್ಲಿ ಔಷಧವೂ ಮೈಗೆ ಹತ್ತುವುದಿಲ್ಲ. ಬಿಸಿಯಾಗುವ ಹಳೇ ಕಾಲದ ಬಲ್ಬು ತನ್ನಿ ಎಂದರು. ಕೊಪ್ಪದ ಅಂಗಡಿಗಳಲ್ಲೆಲ್ಲ ಬೆಳಕು ಮಾತ್ರ ಕೊಡುವ ಹೊಸ ಬಲ್ಬುಗಳು. ಕಡೆಗೆ ಶೆಟ್ಟಿಕೊಪ್ಪದಲ್ಲಿ ಕೋಳಿಮರಿ ಸಾಕುವವರೊಬ್ಬರ ಹತ್ತಿರ ಎರಡು ಸಿಕ್ಕವು. ಯಾರಿಗೆ ಎಂದು ಕೇಳಿ, ಆಮೆಗೆ ಎಂದಾಗ, ನಗದೆ, ಎಷ್ಟು ಎತ್ತರದಲ್ಲಿ ಕಟ್ಟಬೇಕು ಎಂದು ಹೇಳಿಕೊಟ್ಟರು. ಪ್ರೆಸ್ಸಿನ ಮೂಲೆಯಲ್ಲಿ ಹಳದಿ ಬೆಳಕಿನ ಸಣ್ಣದೊಂದು ಬೇಸಿಗೆ ಸೃಷ್ಟಿಯಾಯಿತು. ನನ್ನ ಕಣ್ಣಿಗೆ ಅದು ಅಂಚಿಲ್ಲದ ಬೆಳಕಿನ ಕೊಳದ ಹಾಗೆ ಕಾಣುತ್ತಿತ್ತು, ಅದರ ನಡುವೆ ಕರ್ರಗಿನ ನಡುಗಡ್ಡೆ. ಕೆಲಸ ಬಿಟ್ಟು ಅಲ್ಲಿಯೇ ಕೂರುತ್ತಿದ್ದೆ. ಹಿಂದೆ ಅಕ್ಷರದ ಅಚ್ಚಿನ ಮೊಳೆ ಜೋಡಿಸುತ್ತಿದ್ದ ಕಾಲದ ಮಧ್ಯಾಹ್ನಗಳು, ಸೀಸದ ವಾಸನೆ, ತೀರಿಕೊಂಡ ಗೆಳೆಯರ ದನಿ, ಎಲ್ಲ ಆ ಬೆಳಕಿನೊಳಗೆ ಬಂದು ಹೋಗುತ್ತಿದ್ದವು. ಶಾನುಭೋಗರು ಒಮ್ಮೆ ಕಣ್ಣು ತೆರೆದು ನನ್ನನ್ನು ನೋಡಿ ಮುಚ್ಚಿಕೊಳ್ಳುತ್ತಿದ್ದರು.

ಮಂಗಳವಾರ ಗಣಪತಿಯ ವ್ಯಾನಿನಲ್ಲಿ ಹೊರಟೆವು. ಬುಟ್ಟಿ ಜಲಜಳ ತೊಡೆಯ ಮೇಲಿತ್ತು.

ಮಾಲಿನಿ ಇಂಜೆಕ್ಷನ್ ಕೊಟ್ಟರು. ಮುಕ್ಕಾಲು ಗಂಟೆಯ ಮೇಲೆ ಶಾನುಭೋಗರ ಕತ್ತು, ಆ ತನಕ ನಾವು ಕಂಡೇ ಇರದಷ್ಟು ಉದ್ದವಾಗಿ, ಹೊರಗೆ ಜೋತುಬಿತ್ತು. ಒಳಗೆಳೆದುಕೊಳ್ಳುವುದನ್ನು ಮರೆತ ಆಮೆಯನ್ನು ನೋಡುವುದು ಕಷ್ಟ. ಗಣಪತಿ ಹೊರಗೆ ಹೋಗಿ ದನ ಕಟ್ಟುವ ಕಂಬದ ಹತ್ತಿರ ಕೂತ. ಕೈ ಸಹಾಯಕ್ಕೆ ಇದ್ದವರು ಅವತ್ತು ರಜೆಯಲ್ಲಿದ್ದುದರಿಂದ ಡಾಕ್ಟರು ನಮ್ಮಿಬ್ಬರನ್ನೂ ಒಳಗೇ ನಿಲ್ಲಿಸಿಕೊಂಡರು. ನನಗೆ ಕೊಟ್ಟ ಕೆಲಸ ಸುಲಭದ್ದು.

“ಗಂಟಲ ಹತ್ರ ಚರ್ಮ ಅಲುಗ್ತದಾ ನೋಡ್ತಾ ಇರಿ. ಅಲುಗಿದ್ರೆ ಹೇಳಿ, ನಿಂತ್ರೂ ಹೇಳಿ.”

ಬಾಗಿದೆ. ಹಸಿರಾದ ಹೊಗೆ ಕಂಡಿತು. ಇನ್ನೂ ಬಾಗಿದೆ. ಹೊಗೆ ದೊಡ್ಡದಾಯಿತು, ಅಷ್ಟೆ. ಅಲುಗುತ್ತಿದೆ ಎಂದುಬಿಟ್ಟರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಎರಡು ವರ್ಷದಿಂದ ನಾನು ಮಾಡಿಕೊಂಡು ಬಂದದ್ದು ಅದನ್ನೇ.

“ಡಾಕ್ಟ್ರೆ, ನನಗೆ ಕಾಣೂದಿಲ್ಲ” ಎಂದೆ.

“ಕನ್ನಡಕ ಹಾಕ್ಕೊಳ್ಳಿ.”

“ಹಾಕ್ಕೊಂಡೇ ಇದ್ದೇನೆ.”

ಜಲಜ ನನ್ನ ಮುಖ ನೋಡಿದಳು. ಎಷ್ಟು ದಿನದಿಂದ ಎಂದು ಕೇಳಿದಳು. ಎರಡು ವರ್ಷ ಎಂದೆ. ಅವಳು ಮೊಣಕೈಯಿಂದ ನನ್ನನ್ನು ಪಕ್ಕಕ್ಕೆ ಸರಿಸಿ, ನಾನು ನಿಂತಲ್ಲಿ ತಾನು ಬಾಗಿ ನಿಂತಳು. ಡಾಕ್ಟರು ತಮ್ಮ ಮೇಷ್ಟರಿಂದ ತಂದಿದ್ದ ಪುಟ್ಟ ಯಂತ್ರವೊಂದನ್ನು ನನ್ನ ಕೈಗೆ ಕೊಟ್ಟು, ಅದರ ಕಡ್ಡಿಯನ್ನು ಶಾನುಭೋಗರ ಕತ್ತಿನ ಬುಡಕ್ಕೆ ಇಡಿಸಿ, ಕೈ ಅಲುಗಿಸಬೇಡಿ, ಕಣ್ಣಿನ ಕೆಲಸ ಅಲ್ಲ, ಕಿವಿಯ ಕೆಲಸ ಎಂದರು. ಹೃದಯದ ಸದ್ದು ಕೇಳಿಸುವ ಯಂತ್ರ ಅದು.

ಇಪ್ಪತ್ತೇಳು ವರ್ಷ ಜೊತೆಗಿದ್ದರೂ ಆ ಸದ್ದನ್ನು ನಾನು ಕೇಳಿರಲಿಲ್ಲ. ದೂರದ ದಂಡೆಗೆ ಸಣ್ಣ ಅಲೆ ಬಂದು ಹಿಂದೆ ಸರಿದ ಹಾಗೆ, ಒಂದು ಸಲ. ಆಮೇಲೆ ಮೌನ. ಕೈಯಲ್ಲಿ ಒಂದು ಮೊಳೆ ಎತ್ತಿ ಸಾಲಿಗೆ ಸೇರಿಸುವಷ್ಟು ಹೊತ್ತು. ಮತ್ತೆ ಒಂದು ಅಲೆ. ನಾನು ಕಣ್ಣು ಮುಚ್ಚಿಕೊಂಡೆ. ಕೋಣೆ, ಕತ್ತರಿಯ ಸದ್ದು, ಹೊರಗೆ ಕರುವಿನ ಕೂಗು, ಎಲ್ಲ ಹಿಂದೆ ಸರಿದವು. ಇಷ್ಟು ನಿಧಾನದ ಗಡಿಯಾರವನ್ನು ಒಳಗಿಟ್ಟುಕೊಂಡ ಜೀವಕ್ಕೆ ನಮ್ಮ ಇಪ್ಪತ್ತೇಳು ವರ್ಷ ಒಂದು ಮಧ್ಯಾಹ್ನದಷ್ಟೇ ಅನ್ನಿಸಿರಬಹುದು. ನಾನು ಮದುವೆ ಕಾಗದಗಳ ಮೇಲೆ ಮದುವೆ ಕಾಗದ ಅಚ್ಚು ಹಾಕುತ್ತ ಓಡಾಡಿದ್ದು ಅವರ ಕಣ್ಣಿಗೆ ಚಿಟ್ಟೆಯೊಂದು ಹಾದುಹೋದ ಹಾಗೆ ಕಂಡಿರಬಹುದು.

ಹೀಗೆ ತೇಲುತ್ತಿರುವಾಗ ಸದ್ದು ಬರಲಿಲ್ಲ. ಒಂದು ಮೊಳೆಯ ಹೊತ್ತು ಕಳೆಯಿತು. ಒಂದು ಶಬ್ದ ಜೋಡಿಸುವ ಹೊತ್ತು ಕಳೆಯಿತು. “ನಿಂತಿದೆ” ಎಂದೆ. ಡಾಕ್ಟರ ಕೈ ನಿಂತಿತು. ಅವರು ಶಾನುಭೋಗರ ಬಾಯಿಗೆ ಹಾಕಿದ್ದ ಕೊಳವೆಯ ಗಾಳಿಚೀಲವನ್ನು ಮೆಲ್ಲಗೆ ಒತ್ತಿದರು, ಬಿಟ್ಟರು, ಒತ್ತಿದರು. ಜಲಜ ಒಂದು ಕೈಯಿಂದ ಶಾನುಭೋಗರ ತಲೆ ಹಿಡಿದುಕೊಂಡಿದ್ದಳು; ಇನ್ನೊಂದು ಕೈ ನನ್ನ ಅಂಗಿಯ ತುದಿ ಹಿಡಿದಿತ್ತು. ಒಂದು ಪೂರಾ ಸಾಲು ಜೋಡಿಸುವಷ್ಟು ಹೊತ್ತು ಕಳೆದ ಮೇಲೆ, ಯಾವ ಅವಸರವೂ ಇಲ್ಲದೆ, ಆ ಅಲೆ ದಂಡೆಗೆ ಬಂತು. ಮತ್ತೊಂದು ಬಂತು. ಡಾಕ್ಟರು ಕೆಲಸ ಮುಂದುವರಿಸಿದರು. ಅವರ ಹಣೆಯ ಬೆವರನ್ನು ಜಲಜ ಸೆರಗಿನಿಂದ ಒರೆಸಿದಳಂತೆ. ಅದು ನನಗೆ ಕಾಣಲಿಲ್ಲ, ಆಮೇಲೆ ಡಾಕ್ಟರೇ ಹೇಳಿದ್ದು.

ಗೆಡ್ಡೆ ಹೊರಬಂತು, ಹೊಲಿಗೆ ಬಿತ್ತು. ಅಷ್ಟಾದರೂ ಶಾನುಭೋಗರು ಏಳಬೇಕಲ್ಲ. ಗಂಟೆ ಎರಡಾಯಿತು, ಮೂರಾಯಿತು. ಹೊರಗಿದ್ದ ಗಣಪತಿ ಒಳಗೆ ಬಂದು, ಮೈ ತಣ್ಣಗಿದೆಯಲ್ಲ ಎಂದು, ತಾನು ಹೊದ್ದಿದ್ದ ಶಾಲನ್ನೇ ತೆಗೆದು ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡ. ಮಡಿಯ ವಿಷಯದಲ್ಲಿ ನಮ್ಮ ಮನೆಯ ಲೋಟ ಮುಟ್ಟಲೂ ಯೋಚಿಸುವವನು ಅವನು. ಬಾಯಲ್ಲಿ ಏನೋ ಮಂತ್ರ ನಡೆದಿತ್ತು. ಕೂರ್ಮನಿಗೆ ಕತ್ತಿ ಹಾಕಿದ್ದಕ್ಕೆ ಪ್ರಾಯಶ್ಚಿತ್ತವೋ, ಏಳಲಿ ಎಂಬ ಪ್ರಾರ್ಥನೆಯೋ ನಾನು ಕೇಳಲಿಲ್ಲ. ನಾಲ್ಕೂವರೆಯ ಸುಮಾರಿಗೆ ಅವನೇ ಮೆಲ್ಲಗೆ ಹೇಳಿದ: “ಭಾವ, ಕಾಲು ಒದೀತು.”

ಹೊಟ್ಟೆಯಲ್ಲಿ ಹಿಡಿದಿಟ್ಟುಕೊಂಡಿದ್ದ ಮಾತನ್ನು ಜಲಜ ಬಿಚ್ಚಿದ್ದು ವಾಪಸು ಬರುವ ದಾರಿಯಲ್ಲಿ. ಬೈಗುಳವನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಅದರ ಸಾರ ಇಷ್ಟು: ಆಮೆಗೆ ಆಪರೇಷನ್ ಮಾಡಿಸಲು ಎರಡು ತಾಲ್ಲೂಕು ಸುತ್ತಿದ ಗಂಡಸಿಗೆ ತನ್ನ ಕಣ್ಣು ತೋರಿಸಲು ನಾಲ್ಕು ಹೆಜ್ಜೆ ನಡೆಯಲು ಆಗಲಿಲ್ಲ. ಗಣಪತಿ ಗಾಡಿ ಓಡಿಸುತ್ತ, ಕನ್ನಡಿಯಲ್ಲಿ ನನ್ನನ್ನು ನೋಡಿ ಮರುಕದಿಂದ ನಕ್ಕಿರಬೇಕು. ಅದೂ ನನಗೆ ಕಾಣಲಿಲ್ಲ.

ಆಮೇಲಿನ ಒಂದೂವರೆ ತಿಂಗಳು ಶಾನುಭೋಗರು ಒಣನೆಲದಲ್ಲಿದ್ದರು. ಗಾಯಕ್ಕೆ ಮುಲಾಮು, ದಿನಕ್ಕೆ ಸ್ವಲ್ಪ ಹೊತ್ತು ಮಾತ್ರ ಆಳವಿಲ್ಲದ ನೀರು. ಹದಿನೇಳು ದಿನ ಏನೂ ತಿನ್ನಲಿಲ್ಲ. ಹರಿವೆ, ಸೌತೆಕಾಯಿ, ಒಣಸಿಗಡಿ, ಎಲ್ಲಕ್ಕೂ ಮುಖ ತಿರುಗಿಸಿದರು. ಹದಿನೆಂಟನೆಯ ದಿನ ಜಲಜ ಕೆಸುವಿನ ಎಲೆ ಹೆಚ್ಚುತ್ತ ಕೂತಿದ್ದಾಗ ಅವಳ ಕಾಲ್ಬೆರಳನ್ನೇ ಕಚ್ಚಿ ನೋಡಿದರು. ಅವಳು ಕೂಗಿದ ಕೂಗಿಗೆ ಪ್ರೆಸ್ಸಿನಿಂದ ಓಡಿ ಬಂದೆ. ಹಸಿವಾಗಿದೆ, ಹಸಿವಾಗಿದೆ ಎಂದು ಬೆರಳು ಹಿಡಿದುಕೊಂಡು ನಗುತ್ತಿದ್ದಳು. ಶಿವಮೊಗ್ಗದಿಂದ ವರದಿಯೂ ಬಂತು. ಗೆಡ್ಡೆ ಪೂರ್ತಿ ಹೊರಬಂದಿದೆ. ಮತ್ತೆ ಬಾರದು ಎಂದು ಬರೆದುಕೊಡಲು ಆಗುವುದಿಲ್ಲ. ಹಾಗೆ ಬರೆದುಕೊಡಲು ಯಾರ ವಿಷಯದಲ್ಲಿಯೂ ಆಗುವುದಿಲ್ಲವಲ್ಲ.

ನಡುವೆ ನನ್ನ ಕಣ್ಣಿಗೂ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿದ ದಿನ ಮೊದಲು ಗುಡ್ಡ ನೋಡಿದೆ: ಅಂಚು ಎಷ್ಟು ಹರಿತ! ಮನೆಗೆ ಬಂದು ಶಾನುಭೋಗರನ್ನು ನೋಡಿದೆ. ಕಿವಿಯ ಹತ್ತಿರ ಕುಂಕುಮದ ಗೀರಿನಂತೆ ಇದ್ದ ಕೆಂಪು ಪಟ್ಟೆ ಎಲ್ಲೂ ಇಲ್ಲ. ಆಪರೇಷನ್ನಿನಲ್ಲಿ ಹೋಯಿತೇ ಎಂದು ಗಾಬರಿಯಾದೆ. ಅದು ಮಾಸಿ ಹತ್ತು ವರ್ಷವಾಯಿತು ಎಂದಳು ಜಲಜ. ಅಂದರೆ ಪೊರೆ ಬರುವುದಕ್ಕೆ ಎಂಟು ವರ್ಷ ಮೊದಲಿನಿಂದಲೇ ನಾನು ಸರಿಯಾಗಿ ನೋಡುತ್ತಿರಲಿಲ್ಲ. ಆಮೇಲೆ ತಿರುಗಿ ಅವಳ ಮುಖ ನೋಡಿದೆ. ಬಹಳ ಹೊತ್ತು ನೋಡಿದೆ. ಎಂತ ಎಂದಳು. ಎಂತದೂ ಇಲ್ಲ ಎಂದೆ.

ಹೋದ ಭಾನುವಾರ ಡಾಕ್ಟರ ಅಪ್ಪಣೆಯಾಯಿತು, ಆಳದ ನೀರಿಗೆ ಬಿಡಬಹುದು ಎಂದು. ಜಲಜ ಗೊಣಗದೆ ಮರಿಗೆ ತೊಳೆದಳು. ಎಳೆಬಿಸಿಲಿತ್ತು. ನಾನು ಶಾನುಭೋಗರನ್ನು ಎರಡು ಕೈಯಲ್ಲಿ ಹಿಡಿದು ನೀರಿನ ಮೇಲೆ ಇಟ್ಟೆ. ಅವರು ನನ್ನ ಕೈಯನ್ನು ಒಮ್ಮೆ ಒದ್ದು, ಹೊಲಿಗೆ ಬಿದ್ದಿದ್ದ ಕಾಲನ್ನೂ ಬಿಡಿಸಿ ಆಡಿಸುತ್ತ, ತಳಕ್ಕೆ ಇಳಿದರು. ಪಾಚಿಯ ನೆರಳಿನಲ್ಲಿ ಕಾಣದಾದರು. ನಾವಿಬ್ಬರೂ ಬೆಂಚಿನಲ್ಲಿ ಕೂತೆವು. ನೀರಿನ ಮೇಲೆ ಒಂದು ಗುಳ್ಳೆಯೂ ಇಲ್ಲ. ಬರ್ತಾರೆ ಬಿಡಿ ಎಂದಳು ಅವಳು, ನಾನು ಏನೂ ಕೇಳದಿದ್ದರೂ. ಬಿಸಿಲು ಮರಿಗೆಯ ಅಂಚಿನಿಂದ ಒಂದು ಬೆರಳಷ್ಟು ಸರಿಯಿತು. ಕಡೆಗೆ ಅತ್ತಣ ಮೂಲೆಯಲ್ಲಿ, ನಾವು ನೋಡದೇ ಇದ್ದ ಕಡೆ, ಎರಡು ಸಾಸಿವೆಯಷ್ಟು ಮೂಗಿನ ಹೊಳ್ಳೆಗಳು ನೀರಿನ ಮೇಲೆ ಬಂದವು. ಗೋಡೆಯನ್ನು ನೋಡಿದವು. ನಮ್ಮನ್ನು ನೋಡಲಿಲ್ಲ.

ಪಕ್ಕದಲ್ಲಿ ಜಲಜ ದೊಡ್ಡದಾಗಿ ಉಸಿರು ಬಿಟ್ಟದ್ದು ಕೇಳಿಸಿತು. ಆಗ ನೋಡಿಕೊಂಡೆ, ನಾನೂ ಬಿಟ್ಟಿರಲಿಲ್ಲ. ನೀರಿನೊಳಗೆ ಇದ್ದವರು ಶಾನುಭೋಗರು. ಉಸಿರು ಕಟ್ಟಿಕೊಂಡು ಕೂತವರು ನಾವು.